ಮನೆ ಮಾರಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿಟ್ಟರು. ‘ಮನೆ ಮಾರಿ ನೋಡು’ ಎಂದು ಅವರೇಕೆ ಹೇಳಲಿಲ್ಲವೋ ತಿಳಿಯದು. ಆ ಮಾತು ಬಾಯಲ್ಲಿ ಬರುವುದೇ ಅಶುಭವೆಂದು ಭಾವಿಸಿದ್ದರೇನೋ. ಈಗ ಆ ಮಾತು ಬಾರದ ಮನೆ ಅಪರೂಪ. ಮಕ್ಕಳು ಓದಿ, ನೌಕರಿ ಹಿಡಿದು, ರಾಯಚೂರು, ಹೈದರಾಬಾದು, ಬೆಂಗಳೂರು ಸೇರುತ್ತಾರೆ. ಊರಿನ ಮನೆಗೆ ಬೀಗ ಬೀಳುತ್ತದೆ. ಮಳೆಗಾಲಕ್ಕೊಮ್ಮೆ ಮಾಳಿಗೆಯ ಮಣ್ಣು ಕುಸಿಯುತ್ತದೆ. ಕೊನೆಗೊಂದು ದಿನ ಯಾರೋ ಒಬ್ಬರು, ‘ಇದನ್ನು ಇಟ್ಟುಕೊಂಡು ಮಾಡುವುದೇನು?’ ಎನ್ನುತ್ತಾರೆ.

ನಮ್ಮೂರು ದೇವದುರ್ಗ ತಾಲ್ಲೂಕಿನ ಗೂಗಲ್. ಹೆಸರು ಹೇಳಿದೊಡನೆ ತರಗತಿಯಲ್ಲಿ ಹುಡುಗರು ನಗುತ್ತಾರೆ. ಅಂತರ್ಜಾಲದ ಕಂಪನಿ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ನಮ್ಮೂರಿಗೆ ಆ ಹೆಸರಿತ್ತೆಂದು ನಾನು ಪ್ರತಿವರ್ಷವೂ ವಿವರಿಸಬೇಕಾಗುತ್ತದೆ. ಕೃಷ್ಣೆಯ ದಂಡೆಯ ಊರು. ಅಲ್ಲಿ ಅಲ್ಲಮಪ್ರಭುವಿನ ಗುಡಿಯುಂಟು. ಗುಹೇಶ್ವರನೆಂಬ ಅಂಕಿತದಲ್ಲಿ ಬಯಲಿನ ಮಾತನ್ನಾಡಿದ ಜಂಗಮನನ್ನು ಪೂಜಿಸುವ ಊರಿನಲ್ಲಿಯೇ, ನಾವು ಒಡಹುಟ್ಟಿದವರು ಒಂದು ಮನೆಯ ಲೆಕ್ಕ ಹಾಕುತ್ತ ಕುಳಿತೆವು.

ಮನೆಯೇನು ಅರಮನೆಯಲ್ಲ. ಕಟ್ಟೆ, ಪಡಸಾಲೆ, ದನ ಕಟ್ಟುವ ದಂದಕ್ಕಿ, ಗವಾಕ್ಷಿಯಿಂದ ಬೆಳಕು ಬೀಳುವ ಅಡುಗೆಮನೆ, ಮುಚ್ಚಿಹೋದ ಒಂದು ಹಗೇವು, ಇಷ್ಟೆ. ತಾಯಿ ಮೊದಲೇ ಹೋಗಿದ್ದಳು. ತಂದೆಯವರು 2018ರಲ್ಲಿ ತೀರಿಕೊಂಡರು. ಉಳಿದವರು ಮೂವರು: ಊರಿನಲ್ಲಿಯೇ ಒಕ್ಕಲುತನ ಮಾಡಿಕೊಂಡಿರುವ ಅಣ್ಣ, ಮಾನ್ವಿಯ ಕಡೆಗೆ ಕೊಟ್ಟ ಅಕ್ಕ, ರಾಯಚೂರಿನಲ್ಲಿ ಕನ್ನಡ ಪಾಠ ಹೇಳುವ ನಾನು. ನನಗೆ ಪಟ್ಟಣದಲ್ಲಿ ಮನೆ ಕೊಳ್ಳಲು ಹಣ ಬೇಕಿತ್ತು. ಅಣ್ಣನಿಗೆ ಊರ ಮನೆಯೇ ಬೇಕಿತ್ತು. ನನ್ನ ಪಾಲನ್ನು ಅವನು ಕೊಳ್ಳುವುದೆಂದು ಒಂದೇ ಸಂಜೆಯಲ್ಲಿ ಒಪ್ಪಿದೆವು. ಅಕ್ಕನಿಂದ ಹಕ್ಕುಬಿಡುಗಡೆ ಪತ್ರವೆಂದು ನಾವೇ ಗೊತ್ತುಮಾಡಿದೆವು. ಸೀರೆ, ಖಣ, ಉಡಿ ತುಂಬುವ ಸಾಮಾನು ಎಲ್ಲವನ್ನೂ ತಂದಿಟ್ಟು ಅವಳನ್ನು ಕರೆಸಿದೆವು.

ಉಡಿ ತುಂಬಿದ ಮೇಲೆ ಕಾಗದವನ್ನು ಮುಂದಿಟ್ಟೆ. ಅವಳು ಪೆನ್ನು ಹಿಡಿದವಳು ನನ್ನ ಮುಖ ನೋಡಿ, ‘ನನಗ ಪಾಲು ಬ್ಯಾಡೋ ತಮ್ಮಾ. ಆದ್ರ, ಬೇಕೇನಕ್ಕಾ ಅಂತ ನೀವೊಂದು ಮಾತು ಕೇಳಬೇಕಿತ್ತು’ ಎಂದಳು.

ಅಂದು ಸಹಿಯಾಗಲಿಲ್ಲ. ಕಾಗದವನ್ನು ನಾನೇ ಮಡಿಚಿ ಜೇಬಿಗೆ ಹಾಕಿಕೊಂಡೆ. ಕಾನೂನು ಅರಿಯದೆ ಮಾಡಿದ ಕೆಲಸವಾಗಿದ್ದರೆ ಸಮಾಧಾನವಿತ್ತು. ನಾನು ಅರಿತೇ ಮಾಡಿದ್ದೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತಂದೆಯ ಪಾಲಿನಲ್ಲಿ ಮಗಳಿಗೂ ಭಾಗ ಕೊಟ್ಟಿತು. ಆದರೆ ಕುಟುಂಬದವರು ವಾಸವಾಗಿರುವ ಮನೆಯ ಮಟ್ಟಿಗೆ, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಅವಳು ವಿಭಾಗ ಕೇಳುವಂತಿರಲಿಲ್ಲ. ಕರ್ನಾಟಕದ 1994ರ ತಿದ್ದುಪಡಿಯು ಒಟ್ಟುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನ ಹಕ್ಕನ್ನು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಅಕ್ಕನ ಮದುವೆ ನಡೆದುದು 1993ರಲ್ಲಿ! 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಎರಡು ಅಡ್ಡಿಗಳನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸುಮಾರು ಅರ್ಧ ಶತಮಾನ ನಡೆದು ನಮ್ಮ ಹೊಸ್ತಿಲಿಗೆ ಬಂದ ಹಕ್ಕನ್ನು ನಾವು ಒಂದು ಸೀರೆಯ ಮಡಿಕೆಯಲ್ಲಿ ಮುಚ್ಚಿಬಿಡುವುದರಲ್ಲಿದ್ದೆವು.

ಹಾಗಾದರೆ ಬಿಟ್ಟುಕೊಡುವುದೇ ತಪ್ಪೆ? ಅಲ್ಲ. ಪ್ರೀತಿಯಿಂದ ಬಿಟ್ಟವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಇದ್ದುದನ್ನು ಬಿಟ್ಟರೆ ತ್ಯಾಗ. ಇದೆಯೆಂದು ಹೇಳಲೂ ಬಿಡದೆ ಬಿಡಿಸಿಕೊಂಡರೆ ಅದಕ್ಕೆ ಬೇರೆ ಹೆಸರುಂಟು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು, ಪಂಚಮಿಗೆ ಕರೆಯಲು ಯಾರೂ ಬಾರರು ಎಂಬ ಅಂಜಿಕೆಯಿಂದ ಸಹಿ ಹಾಕುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ಅವರು ತಮ್ಮ ಪಾಲನ್ನು ತೆತ್ತು, ತಮಗೆ ಸಹಜವಾಗಿಯೇ ಸಿಗಬೇಕಾದ ಅಕ್ಕರೆಯನ್ನು ಕೊಂಡುಕೊಳ್ಳುತ್ತಾರೆ. ಇಂಥ ವ್ಯಾಪಾರ ಯಾವ ಸಂತೆಯಲ್ಲಿಯೂ ನಡೆಯದು, ಮನೆಯೊಳಗೆ ನಡೆಯುತ್ತದೆ.

ಅಣ್ಣನ ಪರವಾಗಿಯೂ ಮಾತುಂಟು. ತಂದೆಯ ಕೊನೆಯ ವರ್ಷಗಳಲ್ಲಿ ರಾತ್ರಿ ಎದ್ದು ನೀರು ಕೊಟ್ಟವನು ಅವನು. ಮಾಳಿಗೆಗೆ ಮಣ್ಣು ಹಾಕಿಸಿದವನು ಅವನು. ಅಕ್ಕನ ಮದುವೆಯ ಸಾಲವನ್ನು ತಂದೆಯೊಡನೆ ಹೊಲದಲ್ಲಿ ದುಡಿದು ತೀರಿಸಿದವನೂ ಅವನೆ. ಪಟ್ಟಣದಿಂದ ಹಬ್ಬಕ್ಕೆ ಬಂದು ಹೋದ ನನಗೆ ಅವನಷ್ಟೇ ಪಾಲು ಬರುವುದು ನ್ಯಾಯವೆ? ಕಾಯ್ದೆ ಈ ಪ್ರಶ್ನೆಯನ್ನು ಕೇಳುವುದಿಲ್ಲ, ಒಡಹುಟ್ಟಿದವರು ಕೇಳಿಕೊಳ್ಳಬೇಕು. ಆದರೆ ಅವನ ಋಣವನ್ನು ಅಕ್ಕನೊಬ್ಬಳ ಪಾಲಿನಿಂದ ತೀರಿಸಹೊರಟದ್ದು ನನ್ನ ಜಾಣತನ. ಋಣವಿದ್ದುದು ಇಬ್ಬರ ಮೇಲೂ. ನನ್ನ ಮೇಲೆ ಹೆಚ್ಚಾಗಿ.

ಆದುದರಿಂದ ಇಂಥ ಕೆಲಸಕ್ಕೆ ಕೈಹಾಕುವ ವಾಚಕರಿಗೆ, ಪೆಟ್ಟು ತಿಂದು ಕಲಿತ ನಾಲ್ಕು ಮಾತು ಹೇಳುತ್ತೇನೆ. ಸಾವಿನ ವರ್ಷ ತುಂಬುವ ಮೊದಲು ಮನೆಯ ಮಾತು ಎತ್ತಬೇಡಿ. ಹೆಣ್ಣುಮಕ್ಕಳನ್ನು ಮಾತುಕತೆಯ ಮೊದಲ ದಿನವೇ ಕರೆಯಿರಿ, ಸಹಿಯ ದಿನವಲ್ಲ. ಕಾಗದವನ್ನು ಮುಂಚಿತವಾಗಿಯೇ ಕೊಟ್ಟು ಓದಲು ಬಿಡಿ. ಮುಪ್ಪಿನವರನ್ನು ನೋಡಿಕೊಂಡವರ ಖರ್ಚನ್ನೂ ದುಡಿಮೆಯನ್ನೂ ಮೊದಲು ಲೆಕ್ಕಕ್ಕೆ ತೆಗೆದುಕೊಂಡು, ಉಳಿದುದನ್ನು ಹಂಚಿರಿ. ಹೊರಗಿನವರಿಗೆ ಮಾರುವ ಮೊದಲು ಮನೆಯವರನ್ನೇ ಕೇಳಿರಿ. 1956ರ ಕಾಯ್ದೆಯೂ ಜೊತೆಯ ವಾರಸುದಾರರಿಗೆ ಮೊದಲ ಅವಕಾಶ ಕೊಡುತ್ತದೆ. ಆದರೆ ಮನೆಯವನೆಂದು ಅಗ್ಗಕ್ಕೆ ಕೇಳಬಾರದು. ಬೆಲೆಯನ್ನು ಸಂಬಂಧವಿಲ್ಲದ ಇಬ್ಬರಿಂದ ಕಟ್ಟಿಸುವುದು ಮೇಲು. ಕೊಳ್ಳುವವರಾದರೋ ಋಣಭಾರ ಪತ್ರ, ಪಂಚಾಯಿತಿಯ ಇ-ಸ್ವತ್ತಿನ ನಮೂನೆಗಳೊಡನೆ ವಂಶವೃಕ್ಷವನ್ನೂ ಕೇಳಿ ನೋಡಿರಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲದಿದ್ದರೆ ಆ ಮನೆಯ ಕ್ರಯಪತ್ರಕ್ಕೆ ಕೈಹಾಕಬೇಡಿ. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಒಪ್ಪಿಸಬೇಕೆಂಬುದನ್ನು ಮರೆಯಬೇಡಿ.

ಇದೇ ಕೃಷ್ಣೆಯ ಮೇಲುದಂಡೆಯಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಹೋದವು. ಜನ ನವನಗರಕ್ಕೆ ಬಂದರು. 2009ರ ಪ್ರವಾಹದ ಬಳಿಕ ನದೀತೀರದ ಹಳ್ಳಿಗಳವರಿಗೆ ‘ಆಸರೆ’ಯ ಮನೆಗಳಾದವು. ಮನೆ ಬಿಡುವಿರಾ ಎಂದು ನದಿ ಅವರನ್ನು ಕೇಳಲಿಲ್ಲ. ನೀರಿಗೆ ಕೇಳುವ ಬಾಯಿಲ್ಲ, ನಿಜ. ಬಾಯಿದ್ದ ನಾವೂ ಕೇಳಲಿಲ್ಲವಲ್ಲ!

ಮರುವರ್ಷ ಮೂವರೂ ಕುಳಿತೆವು. ಮೊದಲು ಅಣ್ಣನ ಲೆಕ್ಕ ತೀರಿಸಿದೆವು. ಆಮೇಲೆ ಅಕ್ಕನನ್ನು ಕೇಳಿದೆವು. ಬೇಡವೆಂದವಳು ಈ ಬಾರಿ ಬೇಕೆಂದಳು! ನನಗೆ ಒಂದು ಕ್ಷಣ ಕಸಿವಿಸಿಯಾದುದು ಸುಳ್ಳಲ್ಲ. ಕೇಳಿದ ಮೇಲೆ ‘ಬೇಡ’ ಎಂಬ ಉತ್ತರವನ್ನೇ ನಿರೀಕ್ಷಿಸಿದ್ದರೆ ಅದು ಕೇಳಿದಂತಾಗುವುದಿಲ್ಲವೆಂದು ಮನಸ್ಸಿಗೆ ಹೇಳಿಕೊಂಡೆ. ಅಣ್ಣ ಎರಡು ಕಂತಿನಲ್ಲಿ ಅವಳ ಹಣ ಕೊಟ್ಟ. ಊರಲ್ಲಿ ನಾಲ್ಕು ಜನ ನಾಲ್ಕು ಮಾತು ಆಡಿದರು.

ಎಲ್ಲ ಮನೆಗಳಲ್ಲಿಯೂ ಹೀಗೆಯೇ ಸರಿಹೋಗುವುದೆಂದು ನಾನು ಹೇಳಲಾರೆ. ನಮ್ಮಲ್ಲಿಯೂ ಕೆಲವು ತಿಂಗಳು ಮಾತು ಕಡಿಮೆಯಾಗಿತ್ತು. ಆದರೆ ಮುಂದಿನ ಪಂಚಮಿಗೆ ಅಣ್ಣನೇ ಮಾನ್ವಿಗೆ ಹೋಗಿ ಅಕ್ಕನನ್ನು ಕರೆತಂದ. ಅವಳು ಕಟ್ಟೆಯ ಮೇಲೆ ಕುಳಿತು, ಸೋರುತ್ತಿದ್ದ ಮಾಳಿಗೆಯ ಮೂಲೆಯನ್ನು ತೋರಿಸಿ, ಇನ್ನೂ ಮಣ್ಣು ಹಾಕಿಸಲಿಲ್ಲವೇಕೆಂದು ಅಣ್ಣನನ್ನು ಬೈಯುತ್ತಿದ್ದಳು.