ಹಸಿರು ಸಾಲು ಸಾಕ್ಷಿಯೇ?

ಏಲೂರಿನ ಮನೆಯಿಂದ ಕಾಕ್ಕನಾಡಿನ ಇನ್ಫೋಪಾರ್ಕಿಗೆ ಹೊರಟರೆ ದಾರಿಯುದ್ದಕ್ಕೂ ಫೋನಿನಲ್ಲಿ ಒಂದೇ ಪ್ರಶ್ನೆ: "ಕವರೇಜ್ ಎಷ್ಟಾಯಿತು?" ಕೇಳುವವರು ತಿರುವನಂತಪುರದ ಗ್ರಾಹಕರು. ಕರಾರಿನಂತೆ ಶೇ. 80 ಆಗದೆ ಬಿಡುಗಡೆ ಇಲ್ಲ. ನಮ್ಮದು 61ಕ್ಕೆ ನಿಂತಿತ್ತು. ಉಳಿದದ್ದು ನಾಲ್ಕು ದಿನ.

ಈ ಕೆಲಸ ಗೊತ್ತಿಲ್ಲದವರಿಗಾಗಿ ಒಂದು ಮಾತು. ಟೆಸ್ಟ್‌ಗಳು ಓಡುವಾಗ ಕೋಡಿನ ಯಾವ ಸಾಲುಗಳು ಓಡಿದವು ಎಂದು ಜಾಕೊಕೊದಂಥ ಟೂಲ್ ಗುರುತು ಹಾಕಿಕೊಳ್ಳುತ್ತದೆ. ಓಡಿದ್ದು ಹಸಿರು, ಓಡದ್ದು ಕೆಂಪು. ಓಡಿದ ಸಾಲು ಕೊಟ್ಟ ಉತ್ತರ ಸರಿಯೇ ಎಂದು ಅದು ನೋಡುವುದಿಲ್ಲ. ಅದನ್ನು ನೋಡಬೇಕಾದದ್ದು ಟೆಸ್ಟಿನೊಳಗಿನ 'ಅಸರ್ಟ್'.

ನಾಲ್ಕನೇ ದಿನ ವರದಿ 83 ತೋರಿಸಿತು. ತಂಡದ ಕಿರಿಯ ಹುಡುಗಿ ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಚೇಟ್ಟಾ, ಎಲ್ಲ ಓಡಿಸಿದ್ದೇವೆ. ಏನನ್ನೂ ನೋಡಿಲ್ಲ." ಹೊಸ ಟೆಸ್ಟ್‌ಗಳಲ್ಲಿ ಒಂದೂ ಅಸರ್ಟ್ ಇರಲಿಲ್ಲ. "ಆಮೇಲೆ ಸರಿಮಾಡೋಣ" ಎಂದು ನಾನು ವರದಿ ಕಳಿಸಿದೆ.

ಮೂರು ವಾರಕ್ಕೆ ಮರುಪಾವತಿಯ ಲೆಕ್ಕ ತಪ್ಪಿತು. ತಪ್ಪಿದ ಸಾಲು ವರದಿಯಲ್ಲಿ ಹಸಿರಾಗಿತ್ತು. ಹಣ ಕಡಿಮೆ ಬಂದವರು ಯಾರೆಂದು ನನಗೆ ಗೊತ್ತಿಲ್ಲ, ಅವರಿಗೆ ನಾನೂ ಗೊತ್ತಿಲ್ಲ.

ನಾನು ಸುಳ್ಳು ಹೇಳಿದೆನೇ? 83 ನಿಜವಾದ ಅಂಕಿಯೇ. ಒಂದು ಅಂಕಿಯನ್ನು ಹಿಡಿದು ಜನರನ್ನು ನಡೆಸಹೊರಟರೆ ಆ ಅಂಕಿಯೇ ನಂಬಿಕೆಗೆ ಸಲ್ಲದಾಗುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಕಂಡ ಮಾತಿದು. ಅದನ್ನು ಮುಂದಿಟ್ಟು ತಪ್ಪನ್ನು ಕರಾರಿನ ಮೇಲೆ ಹೊರಿಸಬಹುದಿತ್ತು. ಆದರೆ ಗ್ರಾಹಕರು ಆ ಅಂಕಿಯನ್ನು ಏನೆಂದು ಓದುತ್ತಾರೆ, ಅದು ಎಷ್ಟು ಸುಳ್ಳು ಎಂಬುದು ನನಗೆ ಗೊತ್ತಿತ್ತು. ಕೇಳುವವರು ತಪ್ಪು ತಿಳಿಯಲೆಂದೇ ಆಡಿದ ನಿಜ, ಸುಳ್ಳಿಗಿಂತ ಹೇಗೆ ಮೇಲಾದೀತು?

'ಸಾಕ್ಷಿ' ಎಂಬ ಪದದೊಳಗೆ 'ಅಕ್ಷಿ' ಇದೆ, ಕಣ್ಣು. ದಾರಿಯಲ್ಲಿ ಹಾದುಹೋದ ಮಾತ್ರಕ್ಕೆ ಯಾರೂ ಸಾಕ್ಷಿಯಾಗುವುದಿಲ್ಲ, ಕಂಡಿರಬೇಕು. ಬೀಟ್ ಪುಸ್ತಕದಲ್ಲಿ ಸಹಿ ಹಾಕಿದ ಪೇದೆ ಬಂದದ್ದು ನಿಜ. ಅಂಗಡಿಯ ಬೀಗ ನೋಡಿದನೇ ಎಂಬುದು ಬೇರೆ ಮಾತು.

ನಡೆದದ್ದನ್ನು ಗ್ರಾಹಕರಿಗೆ ಹೇಳಿದೆ. ಬೈದರು. ಈಗ ಕೋಡನ್ನು ಬೇಕೆಂದೇ ಅಲ್ಲಲ್ಲಿ ಕೆಡಿಸಿ, ಟೆಸ್ಟ್ ಅದನ್ನು ಹಿಡಿಯುತ್ತದೆಯೇ ಎಂದು ನೋಡುತ್ತೇವೆ. ಮ್ಯುಟೇಶನ್ ಟೆಸ್ಟಿಂಗ್ ಎನ್ನುತ್ತಾರೆ. ವರದಿ 71ಕ್ಕೆ ಇಳಿದಿದೆ. ಅದರ ಜೊತೆ, ಇನ್ನೂ ನೋಡದೆ ಉಳಿದದ್ದರ ಪಟ್ಟಿಯೂ ಹೋಗುತ್ತದೆ. ಅದನ್ನು ಬರೆಯುವವಳು ಆ ಹುಡುಗಿಯೇ. ಅವಳು ಅಂದೇ ಸಾಕ್ಷಿ ಹೇಳಿದ್ದಳು. ಕೇಳಿಸಿಕೊಂಡೂ ವರದಿ ಕಳಿಸಿದವನು ನಾನು.