ತೆಗೆದುಬಿಡಿ ಡಾಕ್ಟ್ರೇ

ಆಫೀಸಿನ ಹೆಲ್ತ್ ಚೆಕಪ್ಪಿಗೆ ಹೋದವರ ಸ್ಕ್ಯಾನಿನಲ್ಲಿ, ಪ್ಯಾಂಕ್ರಿಯಾಸ್‌ನ ಬಾಲದ ಹತ್ತಿರ, ಕಡಲೆಕಾಳಿನಷ್ಟು ಗಂಟೊಂದು ಕಾಣುತ್ತೆ ಅಂತಿಟ್ಟುಕೊಳ್ಳಿ. ಗೆಡ್ಡೆ ಇರಬಹುದು. ಮರಿಗುಲ್ಮವೂ ಇರಬಹುದು. ಗುಲ್ಮ, ಅಂದ್ರೆ ಸ್ಪ್ಲೀನ್, ಭ್ರೂಣದ ಐದನೇ ವಾರದ ಹೊತ್ತಿಗೆ ಸಣ್ಣ ಮೊಗ್ಗುಗಳಾಗಿ ಮೂಡಿ ಆಮೇಲೆ ಒಂದಾಗುತ್ತೆ. ಒಂದೆರಡು ಕೂಡಿಕೊಳ್ಳದೆ ಹೊರಗೇ ಉಳಿದುಬಿಡುತ್ತವೆ. ನೂರರಲ್ಲಿ ಸುಮಾರು 10 ಜನಕ್ಕೆ ಹೀಗಿರುತ್ತೆ. ಬಹುತೇಕರಿಗೆ ಸಾಯೋವರೆಗೂ ಗೊತ್ತೇ ಆಗಲ್ಲ.

ಮಜಾ ಏನಂದ್ರೆ, ನ್ಯೂರೋಎಂಡೋಕ್ರೈನ್ ಗೆಡ್ಡೆ ಹುಡುಕೋಕೆ ಮಾಡುವ ಗ್ಯಾಲಿಯಂ ಡೋಟಾಟೇಟ್ ಸ್ಕ್ಯಾನಿನಲ್ಲೂ ಇದು ಗೆಡ್ಡೆಯ ಹಾಗೇ ಹೊಳೆಯುತ್ತೆ. ಅನುಮಾನ ಬಂದರೆ ಬೇರೆ ಪರೀಕ್ಷೆ ಇದೆ: ರೋಗಿಯದೇ ಕೆಂಪು ರಕ್ತಕಣಗಳನ್ನು ಬಿಸಿಮಾಡಿ ಕೆಡಿಸಿ, ಟೆಕ್ನೀಷಿಯಂ ಸೇರಿಸಿ ಮತ್ತೆ ಮೈಗೆ ಬಿಡೋದು. ಕೆಟ್ಟ ಕಣಗಳನ್ನು ಹಿಡಿಯೋದೇ ಗುಲ್ಮದ ಕಸುಬು. ಗಂಟೂ ಹಿಡಿದರೆ ಅದರ ಕುಲ ಗೊತ್ತಾಯ್ತು. ತೀರ ಚಿಕ್ಕದಾದರೆ ಇದೂ ಕೈಕೊಡುತ್ತೆ, ಅದು ಬೇರೆ ಮಾತು.

ಆದರೆ ಅನುಮಾನ ಬರಬೇಕಲ್ಲ! ಬಾರದೆ ಪ್ಯಾಂಕ್ರಿಯಾಸ್‌ನ ಬಾಲ ಕಳೆದುಕೊಂಡವರಿದ್ದಾರೆ, ಕೆಲವರು ಅಸಲಿ ಗುಲ್ಮದ ಸಮೇತ. ನಿಜ ತಿಳಿಯೋದು ಆಮೇಲೆ, ಮೈಕ್ರೋಸ್ಕೋಪಿನಡಿ.

ತಪ್ಪು ಯಾರದು? ಸರ್ಜನ್ನರದು ಅನ್ನೋಕೆ ನನಗೆ ಮನಸ್ಸಿಲ್ಲ. “ತೆಗೆದುಬಿಡಿ ಡಾಕ್ಟ್ರೇ, ನಿದ್ದೆ ಬರ್ತಿಲ್ಲ” ಅನ್ನೋರು ನಾವೇ. ಕೊಯ್ದವರಿಗೆ ಕೈಮುಗಿಯುತ್ತೇವೆ, “ಇನ್ನೊಂದು ಟೆಸ್ಟ್ ಮಾಡೋಣ” ಅಂದವರನ್ನು ದುಡ್ಡು ಪೀಕೋರು ಅಂತೀವಿ. ಕಾದು, ಅದು ಕ್ಯಾನ್ಸರೇ ಆಗಿಬಿಟ್ಟರೆ ಕೋರ್ಟಿಗೆ ಎಳೀತೀವಿ. ಹೀಗಿರುವಾಗ ಯಾವ ಡಾಕ್ಟರು ಕಾಯೋಣ ಅಂತಾರೆ?

ಆ ಗಂಟು ನನ್ನ ಹೊಟ್ಟೆಯಲ್ಲಿದ್ದಿದ್ದರೆ? ಟೆಕ್ನೀಷಿಯಂ ರಿಪೋರ್ಟ್ ಬರೋವರೆಗೂ ಕಾಯ್ತಿದ್ದೆ. ಅದರಲ್ಲೂ ಸ್ಪಷ್ಟ ಉತ್ತರ ಸಿಗದಿದ್ದರೆ ಏನು ಮಾಡ್ತಿದ್ದೆನೋ, ಗೊತ್ತಿಲ್ಲ.