ಕ್ರೂರ ಅರಸನನ್ನು ಇಳಿಸಿದವನಿಗೆ ಅವನ ಸೀಮೆ ಸಲ್ಲುವದೋ?

ಒಬ್ಬನು ತನ್ನ ಎತ್ತನ್ನು ದಿನಾಲು ನಿರ್ದಯವಾಗಿ ಹೊಡೆಯುತ್ತಿರುವಾಗ ನೆರೆಯವನು ಬಂದು ಅವನ ಕೈಯೊಳಗಿನ ಬಾರಕೋಲನ್ನು ಕಸಕೊಂಡರೆ, ಅವನು ಒಳ್ಳೇ ಕೆಲಸವನ್ನೇ ಮಾಡಿದನೆಂದು ನಾವೆಲ್ಲರೂ ಹೇಳುವೆವು. ಆದರೆ ಆ ನೆರೆಯವನು ಎತ್ತನ್ನೂ ಹೊಡಕೊಂಡು ಹೋಗಿ ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡರೆ ಏನು ಹೇಳುವೆವು? ಬಿಡಿಸುವದು ಒಂದು ಕಾರ್ಯ, ತೆಗೆದುಕೊಳ್ಳುವದು ಮತ್ತೊಂದು ಕಾರ್ಯ. ಇವೆರಡೂ ಒಂದೇ ಎಂದು ತಿಳಿಯುವದರಿಂದ ಲೋಕದಲ್ಲಿ ಬಹಳ ಅನ್ಯಾಯ ನಡೆದದೆ. ಇದಕ್ಕೆ ಕೊಡಗಿನ ವೃತ್ತಾಂತವು ದೃಷ್ಟಾಂತವಾಗಿದೆ.

ಕೊಡಗು ದಟ್ಟವಾದ ಅಡವಿಗಳೂ ಕಡಿದಾದ ಘಟ್ಟಗಳೂ ಉಳ್ಳ ಸೀಮೆ. ಅಲ್ಲಿ 1820ರಿಂದ ಆಳಿದ ಚಿಕ್ಕ ವೀರರಾಜೇಂದ್ರನು ಕ್ರೂರನಾಗಿದ್ದು ತನ್ನ ವಂಶದ ಅನೇಕರನ್ನು ಕೊಲ್ಲಿಸಿದನು. 1832ರಲ್ಲಿ ಅವನ ಸಹೋದರಿಯಾದ ದೇವಮ್ಮಾಜಿಯೂ ಅವಳ ಗಂಡನಾದ ಚೆನ್ನಬಸಪ್ಪನೂ ಜೀವಭಯದಿಂದ ಮೈಸೂರು ಸೀಮೆಗೆ ಓಡಿಹೋಗಿ ಕುಂಪಣಿಯವರ ಮರೆಹೊಕ್ಕರು. ಅರಸನು ಅವರನ್ನು ಕೇಳಿದಾಗ ಕುಂಪಣಿಯವರು ಕೊಡಲಿಲ್ಲ. ಅವನು ಕುಂಪಣಿಯ ದೂತನನ್ನು ತಡೆದಿಟ್ಟನು. ಆಗ 1834ರ ಏಪ್ರಿಲಿನಲ್ಲಿ ಸುಮಾರು 6,000 ಮಂದಿಯ ದಂಡು ನಾಲ್ಕು ಪಾಲಾಗಿ ಘಟ್ಟಗಳನ್ನು ಏರಿತು. ಉತ್ತರದ ಪಾಲು ಬಕ್ಕದ ಅಡ್ಡಗಟ್ಟೆಯ ಬಳಿಯಲ್ಲಿ ಬಹಳ ಜನರನ್ನು ಕಳಕೊಂಡು ಹಿಂದೆಗೆಯಿತು. ಆದಾಗ್ಯೂ ಏಪ್ರಿಲ್ 6ರಲ್ಲಿ ಮಡಿಕೇರಿಯು ಕುಂಪಣಿಯ ವಶವಾಯಿತು; ಅರಸನು ಶರಣಾಗತನಾದನು.

ಇಲ್ಲಿಯ ವರೆಗೆ ಬಾರಕೋಲನ್ನು ಕಸಕೊಂಡದ್ದಾಯಿತು. ಪ್ರಾಣಭಯವು ತೊಲಗಿದ್ದರಿಂದ ಅನೇಕ ಮನೆಗಳಲ್ಲಿ ಸಂತೋಷವಾಯಿತೆಂಬದು ನಿಜ. ಆದರೆ ಮೇ 7ರಲ್ಲಿ ಕರ್ನಲ್ ಫ್ರೇಜರನು ಕೊಡಗು ಇನ್ನು ಮೇಲೆ ಕುಂಪಣಿಯದೆಂದು ಸಾರಿದನು. ಆ ಸೀಮೆಯ ನಿವಾಸಿಗಳೆಲ್ಲರೂ ಏಕಮನಸ್ಸಿನಿಂದ ಇದನ್ನೇ ಬಯಸುತ್ತಾರೆಂಬದು ಅವನು ಕೊಟ್ಟ ಕಾರಣ.

ಈ ಕಾರಣವನ್ನು ತೂಗಿ ನೋಡೋಣ. ಮುಖ್ಯಸ್ಥರು ಹಾಗೆ ಕೇಳಿಕೊಂಡದ್ದು ನಿಜವೇ. ಆದರೆ ಪರರ ದಂಡು ರಾಜಧಾನಿಯಲ್ಲಿ ಇಳಿದಿರುವಾಗ ನಿನಗೆ ಯಾರು ಬೇಕೆಂದು ಕೇಳಿದರೆ ಬರುವ ಉತ್ತರವು ಎಷ್ಟರ ಮಟ್ಟಿಗೆ ಸ್ವತಂತ್ರವಾದದ್ದು? ಮತ್ತು ಎಲ್ಲರನ್ನೂ ಕೇಳಿದರೋ? ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು. ಮುಂಚೆ ಧಾನ್ಯರೂಪವಾಗಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ನಗದು ಹಣವನ್ನೇ ತರಬೇಕಾಯಿತು. ಮೂರೇ ವರುಷಗಳಲ್ಲಿ, ಅಂದರೆ 1837ರಲ್ಲಿ, ಆ ರೈತರು ದಂಗೆಯೆದ್ದು ಮಂಗಳೂರನ್ನೇ ಹಿಡಿದು ಕೆಲವು ದಿವಸ ಇಟ್ಟುಕೊಂಡರು. ಘಟ್ಟದ ಮೇಲಿನ ಕೊಡಗರಲ್ಲಿ ಅನೇಕರು ಕುಂಪಣಿಯ ಪಕ್ಷವನ್ನು ಹಿಡಿದು ಬಹುಮಾನಗಳನ್ನು ಹೊಂದಿದರು. ಹೀಗಿರಲಾಗಿ ಏಕಮನಸ್ಸು ಎಲ್ಲಿ ಇತ್ತು?

ಅರಸನ ಹಣದ ಸಂಗತಿಯನ್ನೂ ನೋಡಿರಿ. ಕುಂಪಣಿಯ ಬಳಿಯಲ್ಲಿ ಇಟ್ಟಿದ್ದ ಹಣವನ್ನು ಕೇಳುವದಕ್ಕೆ ಅವನು 1852ರಲ್ಲಿ ಇಂಗ್ಲೆಂಡಿಗೆ ಹೋಗಿ, 1859ರಲ್ಲಿ ಅಲ್ಲಿಯೇ ತೀರಿಹೋದನು. ಯುದ್ಧದಲ್ಲಿ ಸರಕಾರವು ತೆಗೆದುಕೊಂಡದ್ದನ್ನು ವಿಚಾರಿಸುವ ಅಧಿಕಾರವು ತನಗೆ ಇಲ್ಲವೆಂದು ನ್ಯಾಯಸ್ಥಾನವು 1860ರಲ್ಲಿ ಹೇಳಿತು. ಕ್ರೂರನಿಗೂ ನ್ಯಾಯ ಸಲ್ಲಬೇಕಲ್ಲವೇ? ಕಳ್ಳನ ಮನೆಯಿಂದ ಕದ್ದರೂ ಅದು ಕಳವೇ.

ಅರಸನ ದುಷ್ಟತ್ವವೇ ದಂಡಿನವರನ್ನು ಕರೆಯಿತಲ್ಲಾ ಎಂದು ಯಾರಾದರೂ ಹೇಳಬಹುದು. ಅಂಥವರು ಯೇಹುವನ್ನು ನೆನಸಲಿ. ಅಹಾಬನ ಮನೆಯನ್ನು ದಂಡಿಸುವದಕ್ಕೆ ಅವನೇ ನೇಮಿಸಲ್ಪಟ್ಟನು. ಆದರೂ ಅವನು ಸುರಿಸಿದ ರಕ್ತಕ್ಕಾಗಿ ಅವನ ಮನೆತನದಿಂದಲೇ ಲೆಕ್ಕ ಕೇಳಲಾಗುವದೆಂದು ಹೋಶೇಯನ ಮುಖಾಂತರ ತಿಳಿಸಲ್ಪಟ್ಟಿತು. ದುಷ್ಟನನ್ನು ದಂಡಿಸಿದವನಿಗೂ ಲೆಕ್ಕ ತಪ್ಪದು.

ನಮ್ಮ ಇಟಗಿಯ ಸುತ್ತಿನವರು ಬಲ್ಲ ನರಗುಂದದ ಗುಡ್ಡವೂ ಇದಕ್ಕೆ ಸಾಕ್ಷಿ. ಅಲ್ಲಿ ಪ್ರಜೆಗಳ ಗೋಳು ಎಂಬ ನೆವ ಬೇಕಾಗಲಿಲ್ಲ. ಭಾಸ್ಕರರಾಯನಿಗೆ ದತ್ತಕದ ಅಪ್ಪಣೆ ಸಿಕ್ಕಲಿಲ್ಲ. 1858ರಲ್ಲಿ ಅವನು ದಂಗೆಯೆದ್ದನು. ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಸಂಸ್ಥಾನವು ಸರಕಾರಕ್ಕೆ ಸೇರಿತು. ನೆವಗಳು ಬೇರೆ ಬೇರೆ, ಗಂಟು ಹೋಗಿ ಸೇರಿದ ಮನೆ ಒಂದೇ.

ಈ ಮಾತು ಅರಸರಿಗೂ ದಂಡುಗಳಿಗೂ ಮಾತ್ರ ಸಂಬಂಧಿಸಿದ್ದಲ್ಲ. ವಿಧವೆಯ ಹೊಲವನ್ನು ಮೈದುನನ ಕೈಯಿಂದ ಬಿಡಿಸಿಕೊಟ್ಟು, ಆ ಮೇಲೆ ಉತಾರದಲ್ಲಿ ತನ್ನ ಹೆಸರನ್ನೇ ಹಚ್ಚಿಸಿಕೊಳ್ಳುವವನು ನಮ್ಮ ಊರುಗಳಲ್ಲಿ ಇಲ್ಲವೋ? ಅವಳೇ ಒಪ್ಪಿದಳೆಂದು ಅವನು ಹೇಳುತ್ತಾನೆ. ಅವಳ ಒಪ್ಪಿಗೆಯನ್ನು ಪರೀಕ್ಷಿಸುವದು ಸುಲಭ. ನಿನಗೆ ಹೆದರದೆ, ನಿನ್ನ ಹಂಗಿಲ್ಲದೆ, ಬೇಡವೆಂದು ಹೇಳುವ ಶಕ್ತಿ ಅವಳಿಗೆ ಇತ್ತೋ? ಇಲ್ಲದಿದ್ದರೆ ಅದು ಒಪ್ಪಿಗೆಯಲ್ಲ. ಸಹಾಯ ಮಾಡಿದವನು ಬರಿಗೈಯಲ್ಲಿ ತನ್ನ ಮನೆಗೆ ಹಿಂತಿರುಗಲಿ. ಆಗ ಅವನು ಮಾಡಿದ್ದು ಸಹಾಯವೆಂದು ಊರೆಲ್ಲಾ ತಿಳಿಯುವದು.